ಹಸುವಿನ ಮೆಲುಕೂ ಮನೆಯ ಹೈನೂ

ದನದ ಆಹಾರಸೇವನೆಗೆ ಸಂಬಂಧಿಸಿದಂತೆ ಕನ್ನಡದಲ್ಲಿ ಎರಡು ಬೇರೆ ಬೇರೆ ಕ್ರಿಯೆಗಳಿಗೆ ಎರಡು ಬೇರೆ ಬೇರೆ ಮಾತುಗಳುಂಟು. ಬಯಲಿನಲ್ಲಿ ನಾಲಗೆ ಚಾಚಿ ಹುಲ್ಲನ್ನು ಸೆಳೆದು ಕಿತ್ತು ನುಂಗುವುದು ಮೇಯುವುದೆನಿಸಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಮೇಲೆ ನೆರಳಿನಲ್ಲಿ ಮಲಗಿ, ನುಂಗಿದುದನ್ನು ತುತ್ತು ತುತ್ತಾಗಿ ಮರಳಿ ಬಾಯಿಗೆ ತಂದುಕೊಂಡು ನಿಧಾನವಾಗಿ ಅಗಿಯುವುದು ಮೆಲುಕುಹಾಕುವುದೆನಿಸಿಕೊಳ್ಳುತ್ತದೆ. ಸಂಸ್ಕೃತದಲ್ಲಿ ಇದನ್ನೇ ರೋಮಂಥವೆಂದರು. ಕಳೆದುಹೋದ ಸಂಗತಿಗಳನ್ನು ಮನುಷ್ಯನು ಮತ್ತೆ ಮತ್ತೆ ನೆನೆಯುವುದಕ್ಕೂ ಕನ್ನಡಿಗರು ಮೆಲುಕೆಂಬ ಮಾತನ್ನೇ ಬಳಸಿದರು. ಕೊಟ್ಟಿಗೆಯನ್ನು ಕಣ್ಣಿಟ್ಟು ನೋಡಿದ ಜನರ ಬಾಯಿಂದ ಮಾತ್ರ ಇಂಥ ಮಾತು ಹುಟ್ಟಬಲ್ಲುದು. ಆದರೆ ಇಂದು ಹಸುವನ್ನು ಸಾಕುವವರಲ್ಲಿ ಅನೇಕರ ಗಮನವೆಲ್ಲ ಮೊದಲನೆಯ ಕ್ರಿಯೆಯ ಮೇಲೆಯೇ ನೆಟ್ಟಿದೆ. ಹಸು ಎಷ್ಟು ತಿಂದಿತು, ಯಾವ ಹಿಂಡಿ ತಿಂದಿತು ಎಂದು ಕೇಳುವವರುಂಟು; ಎಷ್ಟು ಹೊತ್ತು ಮೆಲುಕುಹಾಕಿತು ಎಂದು ಕೇಳುವವರು ವಿರಳ. ಹಾಲಿನ ಗುಣವೂ ಹಸುವಿನ ಆಯುಸ್ಸೂ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿವೆ.

ಹಿಂದೆ ಹೈನು ಮನೆಯ ಬಳಕೆಗಾಗಿ ಇತ್ತು. ಮಿಕ್ಕಿದ ಮಜ್ಜಿಗೆಯನ್ನು ನೆರೆಹೊರೆಯವರಿಗೆ ಕೊಡುತ್ತಿದ್ದರೇ ಹೊರತು ಮಾರುತ್ತಿದ್ದವರು ಕಡಿಮೆ. ಕೊಡಗಿನ ಕೂಡಿಗೆಯಲ್ಲಿ ೧೯೫೫ರಲ್ಲಿ ಸಹಕಾರಿ ಡೇರಿ ಆರಂಭವಾದಾಗ ಆ ಸ್ಥಿತಿ ಬದಲಾಗತೊಡಗಿತು. ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮವು ಸ್ಥಾಪಿತವಾಗಿ, ೧೯೮೪ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಲವಾಗಿ ಪರಿವರ್ತನೆ ಹೊಂದುವಷ್ಟರಲ್ಲಿ ಊರೂರಿಗೆ ಹಾಲಿನ ಸಂಘಗಳು ಬಂದವು. ಅವುಗಳೊಡನೆ ಸೀಮೆಹಸುವಿನ ಮಿಶ್ರತಳಿಗಳು ಬಂದವು, ಗೋಣಿಚೀಲದಲ್ಲಿ ತುಂಬಿದ ಪಶು ಆಹಾರವೂ ಬಂದಿತು. ಇಂದು ಹಳ್ಳಿಯ ಶಾಲೆಗೆ ಬರುವ ಎಷ್ಟೋ ಮಕ್ಕಳ ಪುಸ್ತಕ, ಬಟ್ಟೆ, ಶುಲ್ಕಗಳು ಹಾಲಿನ ಬಟವಾಡೆಯ ಹಣದಿಂದಲೇ ನಡೆಯುತ್ತಿವೆಯೆಂಬುದು ಉಪಾಧ್ಯಾಯರಿಗೆ ತಿಳಿಯದ ಸಂಗತಿಯೇನಲ್ಲ. ಸಾಲ ಮಾಡಿ ಕೊಂಡ ಹಸುವೊಂದು ಮಲಗಿದರೆ ಮನೆಯೇ ಮಲಗಿದಂತೆ. ಆದುದರಿಂದ ಹಸುವಿನ ಊಟದ ರೀತಿಯನ್ನು ತಿಳಿಯುವುದು ಪಂಡಿತರಿಗೆ ತಕ್ಕ ವಿಷಯವಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಗಾಂಧೀಜಿಯವರು ೧೯೨೭ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ತಂಗಿದ್ದಾಗ ಅಲ್ಲಿಯ ಹೈನು ಸಂಸ್ಥೆಗೆ ಹೋಗಿ ಗೋಪಾಲನೆಯ ಪಾಠ ಹೇಳಿಸಿಕೊಂಡರು. ಆಗ ಅವರ ವಯಸ್ಸು ಐವತ್ತೇಳು.

ಹಸುವಿಗೆ ಮೇಲ್ದವಡೆಯಲ್ಲಿ ಮುಂಭಾಗದ ಹಲ್ಲುಗಳಿಲ್ಲ. ಅಲ್ಲಿರುವುದು ಗಟ್ಟಿಯಾದ ಒಸಡು ಮಾತ್ರ. ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಅರೆಬರೆ ಅಗಿದು ಅದು ನುಂಗಿಬಿಡುತ್ತದೆ. ಕಾಡಿನಲ್ಲಿ ಹುಲಿಯ ಭಯವಿದ್ದ ಪ್ರಾಣಿಗೆ ಬಯಲಿನಲ್ಲಿ ನಿಂತು ಸಾವಕಾಶವಾಗಿ ಊಟ ಮಾಡುವ ಭಾಗ್ಯವೆಲ್ಲಿಯದು? ಬೇಗ ತುಂಬಿಕೊಂಡು, ಸುರಕ್ಷಿತವಾದ ಎಡೆಯಲ್ಲಿ ಮತ್ತೆ ಅಗಿಯುವ ಏರ್ಪಾಡು ಅದರ ಒಡಲಿನಲ್ಲಿಯೇ ಇದೆ. ಅದರ ಉದರದಲ್ಲಿ ನಾಲ್ಕು ಕೋಣೆಗಳು. ಮೊದಲನೆಯದೂ ಎಲ್ಲಕ್ಕಿಂತ ದೊಡ್ಡದೂ ಆದುದನ್ನು ವೈದ್ಯರು ರೂಮೆನ್ ಎನ್ನುತ್ತಾರೆ. ಒಡಲಿನ ಎಡಭಾಗವನ್ನು ಬಹುಪಾಲು ಆವರಿಸಿರುವ ಈ ಚೀಲ ದೊಡ್ಡ ಹಸುವಿನಲ್ಲಿ ೧೦೦ ಲೀಟರಿಗೂ ಹೆಚ್ಚು ಹಿಡಿಸಬಲ್ಲುದು. ಇದು ಜೀರ್ಣರಸ ಸುರಿಸುವ ಹೊಟ್ಟೆಯಲ್ಲ. ಹಿಟ್ಟು ಹುಳಿಯಲು ಇಟ್ಟ ಹರವಿಯಂತಹ ಪಾತ್ರೆ. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಹಸುವಿನ ಸ್ವಂತ ದೇಹಕ್ಕಿಲ್ಲ. ಆ ಕೆಲಸವನ್ನು ಮಾಡುವವು ಅಲ್ಲಿ ನೆಲೆಸಿರುವ ಎಣಿಕೆಗೆ ಸಿಕ್ಕದ ಸೂಕ್ಷ್ಮಜೀವಿಗಳು. ೧೮೪೩ರಲ್ಲಿ ಗ್ರೂಬಿ ಮತ್ತು ಡೆಲಾಫಾಂಡ್ ಎಂಬ ಇಬ್ಬರು ವಿದ್ವಾಂಸರು ಫ್ರಾನ್ಸಿನಲ್ಲಿ ಅವುಗಳಲ್ಲಿ ಕೆಲವನ್ನು ಸೂಕ್ಷ್ಮದರ್ಶಕದಿಂದ ಕಂಡು ವರ್ಣಿಸಿದರು. ಅಮೆರಿಕದ ರಾಬರ್ಟ್ ಹಂಗೇಟ್ ಎಂಬ ವಿಜ್ಞಾನಿ ಅವುಗಳನ್ನು ಗಾಳಿಯ ಸೋಂಕಿಲ್ಲದೆ ಬೆಳೆಸುವ ವಿಧಾನವನ್ನು ರೂಪಿಸಿ, ೧೯೬೬ರಲ್ಲಿ ಆ ವಿಷಯವನ್ನು ಕುರಿತ ಗ್ರಂಥವನ್ನೇ ಪ್ರಕಟಿಸಿದನು. ಹೀಗೆ ನೋಡಿದರೆ ಗೃಹಸ್ಥನು ಮೇವು ಹಾಕುವುದು ಹಸುವಿಗಲ್ಲ, ಹಸುವಿನೊಳಗಿನ ಈ ಜೀವಸಮೂಹಕ್ಕೆ. ಅವು ಮೇವನ್ನು ಹುಳಿಸಿ ಬಿಡುವ ಆಮ್ಲಗಳೇ ಹಸುವಿಗೆ ಶಕ್ತಿ. ಅವೇ ಸತ್ತು ಮುಂದಿನ ಕೋಣೆಗಳಿಗೆ ಸಾಗಿದಾಗ ಹಸುವಿಗೆ ಸಸಾರಜನಕ.

ಈ ಪಾತ್ರೆಯೊಳಗೆ ಹುಳಿ ಹದವಾಗಿರಬೇಕು, ಮೀರಬಾರದು. ಮೀರದಂತೆ ಕಾಯುವುದು ಹಸುವಿನ ಜೊಲ್ಲು. ದೊಡ್ಡ ಹಸುವಿನ ಬಾಯಿಯಲ್ಲಿ ದಿನಕ್ಕೆ ೧೦೦ ಲೀಟರಿಗೂ ಮಿಕ್ಕು ಜೊಲ್ಲು ಸುರಿಯುತ್ತದೆಯೆಂದರೆ ಕೇಳಿದವರು ಬೆರಗಾಗದಿರರು. ಅದರಲ್ಲಿ ಅಡುಗೆ ಸೋಡದ ಜಾತಿಯ ಕ್ಷಾರವಿದ್ದು, ಹುಳಿಯನ್ನು ಅದು ತಣಿಸುತ್ತದೆ. ಈ ಜೊಲ್ಲು ಸಮೃದ್ಧವಾಗಿ ಬರುವುದು ಅಗಿಯುವಾಗ. ಹಸು ಹೆಚ್ಚು ಅಗಿಯುವುದು ನಾರುಳ್ಳ ಒರಟು ಮೇವನ್ನು. ರಾಗಿಹುಲ್ಲು, ಜೋಳದ ಕಣಿಕೆ, ಒಣಹುಲ್ಲುಗಳನ್ನು ತಿಂದ ಹಸು ದಿನದಲ್ಲಿ ಏಳೆಂಟು ಗಂಟೆ ಮೆಲುಕಿನಲ್ಲಿಯೇ ಕಳೆಯುತ್ತದೆ. ನುಣ್ಣಗೆ ಬೀಸಿದ ದಾಣಿಯನ್ನಾದರೋ ಅದು ಕೆಲವೇ ನಿಮಿಷಗಳಲ್ಲಿ ನೆಕ್ಕಿ ಮುಗಿಸುತ್ತದೆ. ದಾಣಿಯಲ್ಲಿ ಮೆಲುಕಿಗೆ ಏನೂ ಇಲ್ಲ. ಮೆಲುಕಿಲ್ಲದಿದ್ದರೆ ಜೊಲ್ಲಿಲ್ಲ, ಜೊಲ್ಲಿಲ್ಲದಿದ್ದರೆ ಹುಳಿಗೆ ತಡೆಯಿಲ್ಲ.

ಇದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ೪೦೦ ಕಿಲೋ ತೂಕದ ಮಿಶ್ರತಳಿಯ ಹಸುವೊಂದು ದಿನಕ್ಕೆ ೧೨ ಲೀಟರು ಹಾಲು ಕೊಡುತ್ತಿದೆಯೆನ್ನೋಣ. ಅದು ತಿನ್ನಬಲ್ಲುದು, ನೀರಿನಂಶವನ್ನು ಕಳೆದ ಒಣತೂಕದಲ್ಲಿ, ಸುಮಾರು ೧೨ ಕಿಲೋ. ದೇಹಪೋಷಣೆಗೆ ಒಂದೂವರೆ ಕಿಲೋ, ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಎಂಬ ರೂಢಿಯ ಲೆಕ್ಕದಂತೆ ದಾಣಿ ಕೊಟ್ಟರೆ ಆರು ಕಿಲೋಗೆ ತುಸು ಮೇಲಾಗುತ್ತದೆ. ಒಣತೂಕದಲ್ಲಿ ಇದು ಅರ್ಧಕ್ಕೆ ಸ್ವಲ್ಪ ಕಡಿಮೆ. ಉಳಿದ ಅರ್ಧವನ್ನು ನಾರುಳ್ಳ ಮೇವು ತುಂಬುತ್ತದೆ. ಇಲ್ಲಿಗೆ ತಕ್ಕಡಿ ಸರಿಯಾಗಿದೆ. ಆದರೆ ಮನೆಯವರು ಹಾಲು ಹೆಚ್ಚಲೆಂಬ ಆಸೆಯಿಂದ ಇನ್ನು ಮೂರು ಕಿಲೋ ದಾಣಿಯನ್ನು ಸೇರಿಸುತ್ತಾರೆ. ಹಸುವಿನ ಹೊಟ್ಟೆ ಹಿಗ್ಗುವುದಿಲ್ಲ. ಅದು ಬಿಡುವುದು ಹುಲ್ಲನ್ನೇ. ಆಗ ಹನ್ನೆರಡರಲ್ಲಿ ಎಂಟಕ್ಕೂ ಹೆಚ್ಚು ಪಾಲು ದಾಣಿಯಾಗಿ, ನಾರಿಗೆ ಉಳಿಯುವುದು ಮೂರೂವರೆ ಕಿಲೋ ಮಾತ್ರ. ಅದೂ ಬೆಳಿಗ್ಗೆ ಸಂಜೆ ಕರೆಯುವ ಹೊತ್ತಿಗೆ, ಬರಿಹೊಟ್ಟೆಯಲ್ಲಿ, ಎರಡೇ ಸಲಕ್ಕೆ ಸುರಿದ ದಾಣಿ. ಗೋದಲಿಯಲ್ಲಿ ಮಿಕ್ಕ ಹುಲ್ಲನ್ನು ಕಂಡು ಮನೆಯವರು ಹಸುವಿಗೆ ಹೊಟ್ಟೆ ತುಂಬಿದೆಯೆಂದು ತೃಪ್ತಿಪಡುತ್ತಾರೆ.

ಮೊದಮೊದಲು ಹಾಲು ಏರಿದರೂ ಏರೀತು. ಆಸೆಗೆ ಅದೇ ಪ್ರಮಾಣವಾಗುತ್ತದೆ. ಇಳಿಯುವುದು ಕೊಬ್ಬು. ಒರಟು ಮೇವು ಹುಳಿತಾಗ ಹೆಚ್ಚಾಗಿ ಬರುವ ಅಸಿಟಿಕ್ ಆಮ್ಲವೇ ಕೆಚ್ಚಲಿನಲ್ಲಿ ಬೆಣ್ಣೆಯ ಅಂಶಕ್ಕೆ ಮುಖ್ಯ ಮೂಲ. ಅದರ ಕೊರತೆಯಿಂದಲೇ ಕೊಬ್ಬು ಇಳಿಯುವುದೆಂದು ಬಹುಕಾಲ ತಿಳಿದಿದ್ದರು. ಹುಳಿ ಹೆಚ್ಚಿದ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಬೇರೊಂದು ಜಾತಿಯ ಕೊಬ್ಬಿನಾಮ್ಲವನ್ನು ಉಂಟುಮಾಡುತ್ತವೆಂದೂ, ಅದು ಅತ್ಯಲ್ಪ ಪ್ರಮಾಣದಲ್ಲಿ ಕೆಚ್ಚಲನ್ನು ಮುಟ್ಟಿದರೂ ಬೆಣ್ಣೆ ಕಟ್ಟುವ ಕೆಲಸವೇ ಕುಗ್ಗುವುದೆಂದೂ ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ಮತ್ತು ಅವರ ಸಂಗಡಿಗರು ಆಮೇಲೆ ತೋರಿಸಿಕೊಟ್ಟರು.

ಇಲ್ಲಿ ಹಣದ ನಷ್ಟಕ್ಕಿಂತ ಮಿಗಿಲಾದ ಒಂದು ಸಂಕಟವುಂಟು. ಸಂಘದಲ್ಲಿ ಹಾಲಿಗೆ ಬೆಲೆ ಕಟ್ಟುವುದು ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶಗಳನ್ನು ನೋಡಿ. ಚೀಟಿಯಲ್ಲಿ ಕೊಬ್ಬಿನ ಅಂಕಿ ಇಳಿದೊಡನೆ ಸಾಲಿನಲ್ಲಿ ನಿಂತವರ ಕಣ್ಣು ಆ ಮನೆಯ ಹೆಣ್ಣುಮಗಳ ಮೇಲೆ ಬೀಳುತ್ತದೆ. ನೀರು ಬೆರೆಸಿದಳೆಂಬ ಪಿಸುಮಾತು ಹುಟ್ಟುತ್ತದೆ. ಪ್ರಾಮಾಣಿಕವಾಗಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ದಂಡ ಬೇರೊಂದಿಲ್ಲ. ಆದರೆ ಚೀಟಿಯನ್ನು ಸರಿಯಾಗಿ ಓದಬಲ್ಲವನಿಗೆ ಸತ್ಯ ಅದರಲ್ಲಿಯೇ ಇದೆ. ನೀರು ಬೆರೆತಿದ್ದರೆ ಕೊಬ್ಬೂ ಘನಾಂಶವೂ ಒಟ್ಟಿಗೆ ಇಳಿಯುತ್ತವೆ, ಲ್ಯಾಕ್ಟೋಮೀಟರಿನ ಅಂಕಿಯೂ ತಗ್ಗುತ್ತದೆ. ಮೇವಿನ ದೋಷದಿಂದಾದರೆ ಕೊಬ್ಬು ಮಾತ್ರ ಇಳಿದು ಮಿಕ್ಕ ಘನಾಂಶ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಲ್ಯಾಕ್ಟೋಮೀಟರಿನ ಅಂಕಿ ತಗ್ಗುವುದಿಲ್ಲ. ಕೆನೆ ತೆಗೆದರೂ ಹೀಗೆಯೇ ಆಗುವುದಲ್ಲವೇ ಎಂದು ಯಾರಾದರೂ ಕೇಳಬಹುದು. ಆಗುವುದು ನಿಜ. ಕರೆಯುವಾಗ ಕೊನೆಯ ಹಾಲನ್ನು ಬಿಟ್ಟರೂ ಆಗುವುದು, ಏಕೆಂದರೆ ಮೊದಲ ಹಾಲಿಗಿಂತ ಕೊನೆಯ ಹಾಲಿನಲ್ಲಿಯೇ ಬೆಣ್ಣೆ ಹೆಚ್ಚು. ಆದುದರಿಂದ ತೀರ್ಪು ಕೊಡುವ ಮೊದಲು ಆ ಮನೆಯ ಕೊಟ್ಟಿಗೆಗೆ ಹೋಗಿ ನೋಡುವುದು ನ್ಯಾಯ. ಸಗಣಿ ಒಂದು ದಿನ ಗಟ್ಟಿ, ಒಂದು ದಿನ ತೆಳು, ಅದರಲ್ಲಿ ಕರಗದ ಕಾಳಿನ ಚೂರು. ಹಸು ಒಂದು ಹೊತ್ತು ತಿಂದು ಒಂದು ಹೊತ್ತು ಬಿಡುವುದು. ಮಲಗಿದ್ದರೂ ದವಡೆ ಆಡದಿರುವುದು: ಇವು ಕಂಡರೆ ದೋಷ ಗೋದಲಿಯಲ್ಲಿದೆ, ಬಿಂದಿಗೆಯಲ್ಲಲ್ಲ. ವಾರಗಳು ಕಳೆದ ಮೇಲೆ ಗೊರಸು ನೋವಾಗಿ ಹಸು ಕುಂಟತೊಡಗಬಹುದು. ಆ ಹೊತ್ತಿಗೆ ಕಾರಣ ಮರೆತುಹೋಗಿರುತ್ತದೆ. ಕುಂಟಿಗೆ ಕಲ್ಲನ್ನೋ ಮುಳ್ಳನ್ನೋ ಹುಡುಕುತ್ತಾರೆ.

ಪರಿಹಾರ ಕಷ್ಟದ್ದೇನಲ್ಲ. ಕರೆಯುವುದಕ್ಕೆ ಮುಂಚೆ ಒಂದಿಷ್ಟು ಒಣಮೇವನ್ನು ತಿನ್ನಿಸಿ ಆಮೇಲೆ ದಾಣಿ ಇಡಬೇಕು. ಎರಡು ಸಲದ ದಾಣಿಯನ್ನು ಮೂರು ನಾಲ್ಕು ಸಲಕ್ಕೆ ಹಂಚಬೇಕು. ಹುಲ್ಲನ್ನು ಕತ್ತರಿಸಿ ಹಾಕಿದರೆ ಹಸು ಎಲೆಯನ್ನು ಆರಿಸಿ ದಂಟನ್ನು ಬಿಡುವ ಚಾಳಿ ತಪ್ಪುತ್ತದೆ, ಆದರೆ ಹಿಟ್ಟಿನಂತೆ ಕತ್ತರಿಸಿದರೆ ಮೆಲುಕೇ ತಪ್ಪುತ್ತದೆ. ಮೆಲುಕು ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಡ. ತುತ್ತು ಮೇಲೆ ಬಂದಾಗಿನಿಂದ ಮತ್ತೆ ನುಂಗುವವರೆಗೆ ದವಡೆ ಎಷ್ಟು ಸಲ ಆಡಿತೆಂದು ಎಣಿಸಿದರೆ ಸಾಕು. ಐವತ್ತರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಶಾಲೆಯ ಹುಡುಗನೂ ಇದನ್ನು ಮಾಡಬಲ್ಲನು.

ಕರುಹಾಕಿದ ಹೊಸದರಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಹಾಲು ಆರರಿಂದ ಎಂಟು ವಾರಗಳಲ್ಲಿ ತುದಿ ಮುಟ್ಟುತ್ತದೆ, ಹಸಿವು ಅದಕ್ಕಿಂತ ತಡವಾಗಿ ತುದಿ ಮುಟ್ಟುತ್ತದೆ. ಆ ನಡುವಿನ ಕಾಲದಲ್ಲಿ ಹಸು ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತಿರುತ್ತದೆ. ಮೈ ಇಳಿಯುವುದನ್ನು ಕಂಡು ಮನೆಯವರು ಗಾಬರಿಯಿಂದ ದಾಣಿ ಸುರಿಯುವುದೂ ಆಗಲೇ. ದಾಣಿಯನ್ನು ದಿನಕ್ಕಿಷ್ಟೆಂದು ಮೆಲ್ಲನೆ ಏರಿಸಬೇಕೇ ಹೊರತು ಒಮ್ಮೆಗೇ ಅಲ್ಲ. ಹೊಟ್ಟೆಯೊಳಗಿನ ಜೀವಸಮೂಹವು ಹೊಸ ಆಹಾರಕ್ಕೆ ಒಗ್ಗಲು ಎರಡು ಮೂರು ವಾರ ಹಿಡಿಯುತ್ತದೆ.

ಈ ತತ್ತ್ವವನ್ನು ಮರೆತಾಗ ಆಗುವ ಅತ್ಯಂತ ಘೋರವಾದ ಅನಾಹುತ ಸಂತೋಷದ ದಿನಗಳಲ್ಲಿಯೇ ಸಂಭವಿಸುತ್ತದೆ. ಮದುವೆ, ಜಾತ್ರೆ, ಹಬ್ಬಗಳಲ್ಲಿ ಮಿಕ್ಕ ಅನ್ನ, ಹೋಳಿಗೆ, ಪಾಯಸಗಳನ್ನು ಚೆಲ್ಲಲಾರದೆ, ಗೋವಿಗೆ ಇಟ್ಟರೆ ಪುಣ್ಯವೆಂಬ ಶ್ರದ್ಧೆಯಿಂದ ಬುಟ್ಟಿಗಟ್ಟಲೆ ಮುಂದಿಡುತ್ತಾರೆ. ಹಸುವಿಗೆ ಇಂಥದರಲ್ಲಿ ಬಹಳ ರುಚಿ. ಸಾಕೆನ್ನುವ ವಿವೇಕ ಅದಕ್ಕಿಲ್ಲ. ಬೇಯಿಸಿದ ಪಿಷ್ಟ ಕೆಲವೇ ಗಂಟೆಗಳಲ್ಲಿ ಹುಳಿತು ಲ್ಯಾಕ್ಟಿಕ್ ಆಮ್ಲವಾಗಿ, ನಾರನ್ನು ಒಡೆಯುವ ಜೀವಿಗಳು ಸಾಯುತ್ತವೆ. ಹೊಟ್ಟೆಯ ಚಲನೆ ನಿಲ್ಲುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಮೆಲುಕು ನಿಂತು, ಎಡಪಕ್ಕೆ ತುಂಬಿ, ಹುಳಿನಾತದ ಭೇದಿಯಾಗಿ, ಹಸು ಓಲಾಡಿ ಮಲಗಿಬಿಡುತ್ತದೆ. ಒಂದೆರಡು ದಿನಗಳಲ್ಲಿ ಪ್ರಾಣವೂ ಹೋಗಬಹುದು. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯುವುದೊಂದೇ ದಾರಿ. ಅನ್ನದಾನದ ಪುಣ್ಯ ಯಾರಿಗೆ ಸಲ್ಲುವುದೋ, ಸಾವಂತೂ ಹಸುವಿಗೆ ಸಲ್ಲುತ್ತದೆ. ಗೋಪೂಜೆಯಂದು ಹಸುವಿನ ಬಾಯಿಗೆ ಒಂದು ತುತ್ತು ಇಟ್ಟರೆ ಕೇಡಿಲ್ಲ. ಗೋಗ್ರಾಸವೆಂದರೆ ಒಂದು ಗ್ರಾಸವೇ ಹೊರತು ಒಂದು ಕೊಪ್ಪರಿಗೆಯಲ್ಲ.

ಮೇವಿನ ಬದಲಾವಣೆಯ ವಿಷಯದಲ್ಲಿ ಹಳಬರ ನಡೆ ಗಮನಾರ್ಹವಾದುದು. ಮೈಸೂರಿನ ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದ ಬೆಣ್ಣೆ ಚಾವಡಿ ಟೀಪುವಿನ ಕಾಲದಲ್ಲಿ ಅಮೃತಮಹಲೆಂಬ ಹೆಸರು ಪಡೆಯಿತು. ಆ ದನಗಳಿಗೆ ಮೀಸಲಾಗಿದ್ದ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಗಳನ್ನು ಸಾಗಿಸುತ್ತಿದ್ದರು. ಆ ದನಗಳು ದುಡಿಮೆಗೂ ನಡಿಗೆಗೂ ಹೆಸರಾದವೇ ಹೊರತು ಹಾಲಿಗಲ್ಲ. ಆದರೂ ನಡೆದು ಮೇಯುವ ದನಕ್ಕೆ ಮೇವು ಬದಲಾಗುವುದು ಹೆಜ್ಜೆ ಹೆಜ್ಜೆಯಾಗಿ. ಕಟ್ಟಿದ ದನಕ್ಕೆ ಯಜಮಾನನ ಕೈಯಿಂದ, ಒಂದೇ ದಿನದಲ್ಲಿ. ಬೇಸಗೆಯೆಲ್ಲ ಒಣಹುಲ್ಲು ತಿಂದ ಹಸುವಿಗೆ ಮುಂಗಾರಿನ ಎಳೆಹುಲ್ಲನ್ನು ಹೊರೆಗಟ್ಟಲೆ ಹಾಕಿದಾಗ ಭೇದಿಯಾಗುವುದು ಇದರಿಂದಲೇ. ಹಾಗೆಂದು ಹಳೆಯ ಪದ್ಧತಿಯೆಲ್ಲ ನಿರ್ದೋಷವೆನ್ನುವಂತಿಲ್ಲ. ಭತ್ತದ ಹುಲ್ಲೊಂದನ್ನೇ ವರ್ಷವಿಡೀ ಹಾಕುವ ಸೀಮೆಗಳಲ್ಲಿ ಅದರೊಳಗಿನ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಟ್ಟು ಹಸುವಿಗೆ ದಕ್ಕಗೊಡುವುದಿಲ್ಲ. ಖನಿಜ ಮಿಶ್ರಣವಿಲ್ಲದೆ ಅಲ್ಲಿ ಗತಿಯಿಲ್ಲ. ಗಿಣ್ಣದ ಹಾಲನ್ನು ಕರುವಿಗೆ ಕೊಡದೆ ಮನೆಯವರು ಸವಿಯುವುದೂ ಹಳೆಯದೇ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಅದು ಕರುವಿನ ಹೊಟ್ಟೆ ಸೇರದಿದ್ದರೆ ರೋಗನಿರೋಧಶಕ್ತಿಯೇ ಅದಕ್ಕೆ ಲಭಿಸದು.

ಹಸುರು ಮೇವಿನಲ್ಲಿಯೂ ಅಪಾಯಗಳುಂಟು. ಕುದುರೆಮೆಂತೆ, ಅಲಸಂದೆಗಳಂತಹ ದ್ವಿದಳದ ಎಳೆಸೊಪ್ಪನ್ನು ಹಸಿದ ಹಸು ಗಬಗಬನೆ ತಿಂದರೆ ಹೊಟ್ಟೆಯಲ್ಲಿ ನೊರೆ ಕಟ್ಟಿ, ಗಾಳಿ ಹೊರಬೀಳದೆ ಎಡಪಕ್ಕೆ ತಮಟೆಯಂತೆ ಬಿಗಿಯುತ್ತದೆ. ಮೊದಲು ಒಣಹುಲ್ಲು ಕೊಟ್ಟರೆ ಇದು ತಪ್ಪೀತು. ಬಯಲುಸೀಮೆಯವರಿಗೆ ಜೋಳದ ಭಯ ಗೊತ್ತೇ ಇದೆ. ಮಳೆ ಕೈಕೊಟ್ಟು ಬಾಡಿದ ಎಳೆಜೋಳದಲ್ಲಿಯೂ ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿಯೂ ಸಯನೈಡಿನ ವಿಷ ಹುಟ್ಟಿಸುವ ವಸ್ತು ಹೆಚ್ಚಾಗಿರುತ್ತದೆ. ತುಡುಗಿಗೆ ಬಿದ್ದ ದನ ಹೊಲದ ಬದುವಿನಲ್ಲಿಯೇ ಉರುಳಿಬಿದ್ದುದನ್ನು ಕಂಡವರು ಹಾವು ಕಚ್ಚಿತೆಂದೋ ಹಗೆಯವರು ವಿಷವಿಟ್ಟರೆಂದೋ ಜಗಳಕ್ಕೆ ನಿಲ್ಲುವುದುಂಟು. ಬೆಳೆದು ಹೂಬಿಟ್ಟ ಜೋಳದಲ್ಲಿ ಈ ವಿಷ ತಗ್ಗುತ್ತದೆ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಇನ್ನಷ್ಟು. ಬೂಷ್ಟು ಹಿಡಿದ ಶೇಂಗಾ ಹಿಂಡಿ ಇನ್ನೊಂದು ಬಗೆ: ಅದರ ವಿಷ ಹಸುವಿನ ಪಿತ್ತಕೋಶವನ್ನು ಕೆಡಿಸುವುದಲ್ಲದೆ ಹಾಲಿನಲ್ಲಿಯೂ ಇಳಿದು ಮಗುವಿನ ಬಟ್ಟಲನ್ನು ಸೇರುತ್ತದೆ.

ನೀರಿನ ವಿಷಯ ಎಲ್ಲರಿಗೂ ತಿಳಿದಿದ್ದರೂ ಎಲ್ಲರೂ ಮರೆಯುವಂಥದು. ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ. ಬಾಯಾರಿದ ಹಸು ಮೇವನ್ನೂ ಕಡಿಮೆ ತಿನ್ನುತ್ತದೆ. ದಿನಕ್ಕೆ ಎರಡು ಸಲ ಬಾನಿಯಲ್ಲಿ ನೀರು ತೋರಿಸಿದರೆ ಸಾಲದು. ಅದು ಬೇಕೆಂದಾಗ ಎದುರಿಗಿರಬೇಕು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಹಗಲು ಹೊತ್ತು ಹಸು ಏದುಸಿರು ಬಿಡುತ್ತ ಮೇವನ್ನೂ ಮೆಲುಕನ್ನೂ ಬಿಟ್ಟುಕೊಡುತ್ತದೆ, ಏಕೆಂದರೆ ಹೊಟ್ಟೆಯೊಳಗೆ ಮೇವು ಹುಳಿಯುವಾಗ ಹುಟ್ಟುವ ಶಾಖವೂ ಅದಕ್ಕೆ ಹೊರೆಯೇ. ಆ ದಿನಗಳಲ್ಲಿ ಮೇವಿನ ಹೆಚ್ಚಿನ ಪಾಲನ್ನು ನಸುಕಿನಲ್ಲಿಯೂ ರಾತ್ರಿಯಲ್ಲಿಯೂ ಹಾಕತಕ್ಕದ್ದು. ಮಲಗುವ ಮುನ್ನ ಕಂದೀಲು ಹಿಡಿದು ಕೊಟ್ಟಿಗೆಗೆ ಹೋಗಿ ಒಂದು ಹಿಡಿ ಹುಲ್ಲು ಎಳೆದು ಬರುತ್ತಿದ್ದ ಹಿರಿಯರು ಈ ಶಾಸ್ತ್ರವನ್ನು ಓದಿದವರಲ್ಲ.

ಇನ್ನು ಉಳಿದುದು ಹಸು ತಿನ್ನಬಾರದುದನ್ನು ತಿನ್ನುವ ವಿಚಾರ. ತುಟಿಯಿಂದ ಆರಿಸಿ ತಿನ್ನುವ ಆಡಿನ ಜಾಣ್ಮೆ ಹಸುವಿಗಿಲ್ಲ. ನಾಲಗೆಗೆ ಸಿಕ್ಕಿದುದು ಒಳಗೆ. ಹುಲ್ಲಿನ ಕಂತೆಗೆ ಬಿಗಿದ ತಂತಿಯ ತುಂಡು, ಮನೆ ಕಟ್ಟುವಾಗ ಬಿದ್ದ ಮೊಳೆ ಇವು ಹೊಟ್ಟೆಯ ಎರಡನೆಯ ಕೋಣೆಯಲ್ಲಿ, ಜೇನುಹಟ್ಟಿಯಂತಹ ಗೂಡುಗಳಲ್ಲಿ, ನಿಲ್ಲುತ್ತವೆ. ಆ ಕೋಣೆಗೂ ಗುಂಡಿಗೆಗೂ ನಡುವೆ ಇರುವುದು ತೆಳುವಾದ ಒಂದು ಪರದೆ. ತಂತಿ ಅದನ್ನು ತೂರಿದರೆ ಹಸು ಬೆನ್ನು ಬಾಗಿಸಿ ನಿಂತು, ಇಳಿಜಾರಿನಲ್ಲಿ ನಡೆಯಲು ಹಿಂಜರಿದು ನರಳುತ್ತದೆ. ಗುಂಡಿಗೆಯನ್ನು ಮುಟ್ಟಿದ ಮೇಲೆ ಉಳಿಸುವುದು ದುಸ್ಸಾಧ್ಯ. ಪೇಟೆಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದ ಅನ್ನದ ವಾಸನೆಗೆ ಹಸು ಚೀಲವನ್ನೂ ಸೇರಿಸಿಯೇ ನುಂಗುತ್ತದೆ. ಅದು ಕರಗುವುದೂ ಇಲ್ಲ, ಮೆಲುಕಿಗೆ ಮೇಲೆ ಬರುವುದೂ ಇಲ್ಲ. ವರ್ಷಗಟ್ಟಲೆ ಕೂಡಿಬಂದು ಹೊಟ್ಟೆಯ ಜಾಗವನ್ನೇ ಆಕ್ರಮಿಸಿಕೊಂಡ ಮೇಲೆ, ಹೊರಗೆ ದುಂಡಗೆ ತುಂಬಿದಂತೆ ತೋರುವ ಹಸು ಒಳಗೆ ಹಸಿದು ಬಡವಾಗುತ್ತಿರುತ್ತದೆ. ಸಮಾರಂಭ ಮುಗಿದ ಮರುದಿನ ಊಟದ ಎಲೆಗಳನ್ನು ಎಸೆಯುವವರು ಅವುಗಳ ನಡುವಿನ ಪ್ಲಾಸ್ಟಿಕ್ಕನ್ನು ಬೇರ್ಪಡಿಸಲು ತಗಲುವ ಹೊತ್ತು ಅರ್ಧ ಗಂಟೆಗಿಂತ ಹೆಚ್ಚಿರಲಾರದು.